ಹುಲುಗಪ್ಪನ ಎದೆಯೊಳಗಿನ ಎರಡು ತಂತಿ

2018ರಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞೆಯಾಗಿದ್ದೆ. ವಾರಕ್ಕೆ ನಾಲ್ಕು ದಿನ ಅಲ್ಲಿ ಕೆಲಸ. ಗುರುವಾರ ಕಂಪ್ಲಿಯಲ್ಲಿ, ಶನಿವಾರ ಸಂಡೂರಿನಲ್ಲಿ ಹೊರರೋಗಿಗಳನ್ನು ನೋಡುತ್ತಿದ್ದೆ. ಆಗ ನನಗೆ ಐವತ್ತೆಂಟು ವರ್ಷ. ಇಪ್ಪತ್ತೇಳು ವರ್ಷ ಅದೇ ಕೆಲಸ ಮಾಡಿದ್ದರಿಂದ ನನಗೆ ಗೊತ್ತಿಲ್ಲದ್ದು ಹೆಚ್ಚೇನಿಲ್ಲ ಎಂಬ ಜಂಬವಿತ್ತು. ಮುಂಗೋಪವಂತೂ ಮೊದಲಿನಿಂದಲೂ ಇತ್ತು. ವರಾಂಡದಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ನರ್ಸುಗಳು ಮೊಬೈಲು ಎತ್ತಿಡುತ್ತಿದ್ದರು. ಆ ವರ್ಷ ಒಬ್ಬನೇ ಒಬ್ಬ ರೋಗಿಯ ವಿಷಯದಲ್ಲಿ ನಾನು ಎಷ್ಟು ಜನರ ಮೇಲೆ ಕೂಗಾಡಿದೆ ಎಂದು ನೆನೆದರೆ ಈಗಲೂ ಬೇಸರವಾಗುತ್ತದೆ. ಕೂಗಾಡಿದ್ದಕ್ಕಲ್ಲ, ಕೂಗಾಡಿಯೂ ಹೇಳಬೇಕಾದ್ದನ್ನು ಹೇಳದೆ ಉಳಿದದ್ದಕ್ಕೆ.

ರೋಗಿಯ ಹೆಸರು ಹುಲುಗಪ್ಪ ಎಂದಿಟ್ಟುಕೊಳ್ಳಿ. ಬುಕ್ಕಸಾಗರದವನು, ಐವತ್ತನಾಲ್ಕು ವರ್ಷ. ಬಾಳೆಗೊನೆ ಹೊರುವುದು ಆತನ ಕಸುಬು. ಹಂಪಿಯ ಆಚೀಚೆ ಕಾಲುವೆ ನೀರಿನ ತೋಟಗಳಲ್ಲಿ ಲಾರಿ ಒಳಗೆ ಹೋಗುವುದಿಲ್ಲ. ಅದು ರಸ್ತೆಯಲ್ಲೇ ನಿಲ್ಲುತ್ತದೆ. ಕಡಿದ ಗೊನೆಗಳನ್ನು ಹೆಗಲ ಮೇಲೆ ಹೊತ್ತು, ಒಂದು ಗೇಣು ಅಗಲದ ಕೆಸರು ಬದುವಿನ ಮೇಲೆ ಅರ್ಧ ಮೈಲಿ ನಡೆದು ಲಾರಿಗೆ ತಲುಪಿಸಬೇಕು. ಗೊನೆ ಎಲ್ಲೂ ತಾಗಬಾರದು. ಒಂದು ಕಾಯಿ ಕಪ್ಪಾದರೂ ವ್ಯಾಪಾರಿ ಮುಖ ಸಿಂಡರಿಸುತ್ತಾನೆ. ಆರು ಜನರ ಗುಂಪಿಗೆ ಹುಲುಗಪ್ಪನೇ ಮುಂದಾಳು. ‘ಹುಲುಗಪ್ಪ ಹೊತ್ತ ಗೊನಿ’ ಎಂದರೆ ಆ ಕಡೆಯ ತೋಟದವರು ಎಲ್ಲಾದರೂ ತಾಗಿದೆಯೇ ಎಂದು ತಿರುಗಿಸಿಯೂ ನೋಡುತ್ತಿರಲಿಲ್ಲವಂತೆ. ಈ ಮಾತನ್ನು ಆತನೇ ನನಗೆ ಮೂರು ಸಲ ಹೇಳಿದ್ದ.

ಒಂಬತ್ತು ವರ್ಷ ಹಿಂದೆ, ಅಂದರೆ 2009ರಲ್ಲಿ, ಆತ ತೋಟದಲ್ಲೇ ತಲೆ ಸುತ್ತಿ ಬಿದ್ದಿದ್ದ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗಬೇಕಾದ ವಿದ್ಯುತ್ ಸಂದೇಶ ಪೂರ್ತಿ ನಿಂತುಹೋಗಿತ್ತು. ಇದಕ್ಕೆ ನಾವು ಕಂಪ್ಲೀಟ್ ಹಾರ್ಟ್ ಬ್ಲಾಕ್ ಎನ್ನುತ್ತೇವೆ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಪೇಸ್‌ಮೇಕರ್ ಹಾಕಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲವಾದ ಒಂದು ಲೋಹದ ಪೆಟ್ಟಿಗೆ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದಡಿ ಒಂದು ಚೀಲದಂತೆ ಮಾಡಿದ ಜಾಗದಲ್ಲಿ ಕೂರುತ್ತದೆ. ಅದರಿಂದ ಹೊರಟ ಎರಡು ತಂತಿಗಳು ರಕ್ತನಾಳದ ಒಳಗಿಂದ ಹೃದಯಕ್ಕೆ ಇಳಿಯುತ್ತವೆ. ಈ ತಂತಿಗಳಿಗೆ ಲೀಡ್ ಎಂದು ಹೆಸರು. ಪೆಟ್ಟಿಗೆಯ ಬ್ಯಾಟರಿ ಎಂಟು ಹತ್ತು ವರ್ಷಕ್ಕೆ ಮುಗಿಯುತ್ತದೆ. ಆಗ ಪೆಟ್ಟಿಗೆಯನ್ನಷ್ಟೇ ಬದಲಾಯಿಸಿ, ಹಳೆಯ ಲೀಡುಗಳನ್ನೇ ಹೊಸ ಪೆಟ್ಟಿಗೆಗೆ ಜೋಡಿಸುತ್ತೇವೆ. ತೋಟದ ಪಂಪಿಗೆ ಸ್ಟಾರ್ಟರ್ ಹೊಸದು, ಕೇಬಲ್ ಹಳೆಯದು ಎಂದ ಹಾಗೆ.

ಹುಲುಗಪ್ಪನ ಪೆಟ್ಟಿಗೆಯನ್ನು 2018ರ ಜನವರಿಯಲ್ಲಿ ನಾನೇ ಬದಲಾಯಿಸಿದೆ. ಐವತ್ತು ನಿಮಿಷದ ಕೆಲಸ, ಯಾವ ತೊಡಕೂ ಆಗಲಿಲ್ಲ. ಹೊಸ ಪೆಟ್ಟಿಗೆ ಜೋಡಿಸುವ ಮೊದಲು ಯಂತ್ರದ ನೆರವಿಲ್ಲದೆ ಆತನ ಹೃದಯ ಎಷ್ಟು ಬಡಿಯುತ್ತದೆ ಎಂದು ನೋಡಿದ್ದೆ. ನಿಮಿಷಕ್ಕೆ ಮೂವತ್ತು. ಮೂವತ್ತು ಬಡಿತದಲ್ಲಿ ಮನುಷ್ಯ ಮಂಚ ಇಳಿದರೆ ನೆಲಕ್ಕೆ ಬೀಳುತ್ತಾನೆ. ಆತ ನಿಂತದ್ದು, ನಡೆದದ್ದು, ಗೊನೆ ಹೊತ್ತದ್ದು ಎಲ್ಲವೂ ಆ ಎರಡು ತಂತಿಗಳ ಕೃಪೆ. ಹೊಲಿಗೆ ಬಿಚ್ಚಿದಾಗ ಗಾಯ ಒಣಗಿ ಗೆರೆಯಾಗಿತ್ತು. ನನಗೆ ನನ್ನ ಕೈಕೆಲಸದ ಮೇಲೆ ಭಾರಿ ಹೆಮ್ಮೆ.

ಏಪ್ರಿಲ್‌ನ ಒಂದು ಗುರುವಾರ ಕಂಪ್ಲಿಯಲ್ಲಿ ಆತ ಬಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಹೊಲಿಗೆಯ ಹೊರತುದಿಯಲ್ಲಿ ಚರ್ಮ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಜ್ವರವಿರಲಿಲ್ಲ.

“ಗೊನೆ ಹೊತ್ತೆಯಾ?” ಎಂದೆ.

“ಎರಡ್ ತಿಂಗಳ ಬಿಟ್ಟಿದ್ದೆ ರಿ. ಯುಗಾದಿ ಆದಮ್ಯಾಲೆ ಶುರು ಮಾಡೀನಿ.”

“ಎಡಗಡೆಗೇ?”

“ಎಡಗಡೆನ ರಿ. ಬಲಗೈಯಾಗ ಎಲಿ ಸರಿಸ್ಕೋಂತ ಹೋಗಬೇಕಲ್ರಿ. ಬಲಕ್ಕ ಹೊತ್ರ ಬದುವು ಕಾಣಂಗಿಲ್ಲ, ಕಾಲುವ್ಯಾಗ ಬೀಳ್ತೀವಿ.”

ನಾನು ಆತನಿಗೆ ಚೆನ್ನಾಗಿ ಬೈದೆ. ಪೆಟ್ಟಿಗೆಯ ಮೇಲೆ ಮೂವತ್ತು ಕಿಲೋ ಗೊನೆ ಒತ್ತಿದರೆ ಚರ್ಮ ಏನಾಗಬೇಕು? ಬಲಗೈ ಬಳಸುವವರಿಗೆ ಪೆಟ್ಟಿಗೆಯನ್ನು ಎಡಗಡೆ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬಲಗೈ ಬಳಸುವ ಗೊನೆಯಾಳು ಭಾರ ಹೊರುವುದು ಎಡ ಹೆಗಲ ಮೇಲೆ ಎಂಬುದು ಆ ತೋಟಗಳಲ್ಲಿ ನಡೆದುಬಂದ ಪದ್ಧತಿ. ನಿನ್ನದು ಯಾವ ಕೆಲಸ, ಯಾವ ಹೆಗಲಿಗೆ ಹೊರುತ್ತೀಯ ಎಂದು 2009ರಲ್ಲಿ ಯಾರೂ ಕೇಳಿರಲಿಲ್ಲ. ಜನವರಿಯಲ್ಲಿ ನಾನೂ ಕೇಳಿರಲಿಲ್ಲ. ಕೇಳದೆ ಇದ್ದವಳು ಬೈಯುವುದಕ್ಕೆ ಮಾತ್ರ ಮುಂದೆ.

ಹತ್ತು ದಿನದ ಆ್ಯಂಟಿಬಯಾಟಿಕ್ ಮಾತ್ರೆ ಬರೆದು “ನೋಡೋಣ” ಎಂದೆ. ಇದು ತಪ್ಪಲ್ಲ. ಸೋಂಕು ಚರ್ಮದ ಮೇಲ್ಪದರದಲ್ಲಿ ಮಾತ್ರ ಇದ್ದರೆ ಒಂದು ಸಲ ಮಾತ್ರೆ ಕೊಟ್ಟು ಕಣ್ಣಿಟ್ಟು ಕಾಯಬಹುದು. ಕೆಂಪು ಇಳಿಯಿತು. ನಾನೂ ಮರೆತೆ.

ಜೂನ್‌ನಲ್ಲಿ ಪೆಟ್ಟಿಗೆಯ ಜಾಗ ಊದಿಕೊಂಡಿತು. ಅವತ್ತು ಗುರುವಾರವಾಗಿರಲಿಲ್ಲವಾದ್ದರಿಂದ ನಾನು ಕಂಪ್ಲಿಯಲ್ಲಿರಲಿಲ್ಲ. ಹುಲುಗಪ್ಪ ಅಲ್ಲಿಯೇ ಇನ್ನೊಂದು ಕ್ಲಿನಿಕ್ಕಿಗೆ ಹೋದ. ಅಲ್ಲಿನ ವೈದ್ಯರು ಸಿರಿಂಜು ಚುಚ್ಚಿ ಕೀವು ಎಳೆದು, ಮಾತ್ರೆ ಬರೆದು, ನನ್ನ ಬಳಿಗೆ ಹೋಗಲು ಹೇಳಿದರು. ಕೇಳಿ ಮೈ ಪರಚಿಕೊಳ್ಳುವಂತಾಯಿತು. ಪೇಸ್‌ಮೇಕರ್ ಇರುವ ಜಾಗಕ್ಕೆ ಸೂಜಿ ಚುಚ್ಚಬಾರದು. ಚರ್ಮದ ಮೇಲಿನ ಸೂಕ್ಷ್ಮಾಣುಗಳನ್ನು ನಾವೇ ಕೈಹಿಡಿದು ಒಳಗೆ ಬಿಟ್ಟ ಹಾಗಾಗುತ್ತದೆ. ಎಳೆದ ಕೀವನ್ನು ಲ್ಯಾಬಿಗಾದರೂ ಕಳಿಸಿದ್ದರೇ? ಅದೂ ಇಲ್ಲ. ಯಾವ ಸೂಕ್ಷ್ಮಾಣು ಎಂದು ಹೇಳಬಹುದಾಗಿದ್ದ ಕೀವು ಕಸದ ಬುಟ್ಟಿ ಸೇರಿತ್ತು. ಫೋನು ಮಾಡಿ ಅವರಿಗೂ ಬೈದೆ. ಅವರು ತಣ್ಣಗೆ, “ಮೇಡಂ, ನಿಮ್ಮ ಕೇಸು, ನೀವೇ ನೋಡ್ಕೊಳ್ರಿ” ಎಂದು ಫೋನಿಟ್ಟರು.

ಹುಲುಗಪ್ಪನನ್ನು ಹೊಸಪೇಟೆಯಲ್ಲಿ ದಾಖಲು ಮಾಡಿಕೊಂಡೆ. ಅವತ್ತೇ ತೀರ್ಮಾನ ಆಗಬೇಕಿತ್ತು. ಪೆಟ್ಟಿಗೆಯ ಚೀಲದೊಳಗೆ ಒಮ್ಮೆ ಕೀವಾಯಿತೆಂದರೆ ನಿಯಮ ಸ್ಪಷ್ಟವಿದೆ: ಪೆಟ್ಟಿಗೆ, ಎರಡೂ ಲೀಡು, ಒಂದು ದಾರವೂ ಉಳಿಯದಂತೆ ಎಲ್ಲವನ್ನೂ ತೆಗೆಯಬೇಕು. ಯಾಕೆಂದರೆ ಸೂಕ್ಷ್ಮಾಣುಗಳು ಲೋಹ ಮತ್ತು ಪ್ಲಾಸ್ಟಿಕ್ಕಿನ ಮೇಲೆ ಪಾಚಿಯಂತೆ ಒಂದು ಪೊರೆ ಕಟ್ಟಿಕೊಂಡು ಕೂರುತ್ತವೆ. ಆ ಪೊರೆಯೊಳಕ್ಕೆ ಔಷಧ ಇಳಿಯುವುದಿಲ್ಲ, ತೊಳೆದರೆ ಅದು ಹೋಗುವುದಿಲ್ಲ. ಮೇಲೆ ಗಾಯ ಒಣಗಿದಂತೆ ಕಂಡರೂ ತಂತಿಯ ಉದ್ದಕ್ಕೂ ಸೋಂಕು ಹೃದಯಕ್ಕೆ ಇಳಿಯಬಹುದು. ಪುಸ್ತಕದಲ್ಲಿ ಇಷ್ಟೇ. ಆದರೆ ಒಂಬತ್ತು ವರ್ಷದ ಲೀಡನ್ನು ತೆಗೆಯುವುದು ದಾರ ಎಳೆದಂತಲ್ಲ. ರಕ್ತನಾಳದ ಗೋಡೆಗೆ, ಹೃದಯದ ಕವಾಟಕ್ಕೆ, ತುದಿಯ ಸ್ನಾಯುವಿಗೆ ಅದು ಗಾಯದ ನಾರಿನಿಂದ ಅಂಟಿಕೊಂಡಿರುತ್ತದೆ. ಎಳೆಯುವಾಗ ರಕ್ತನಾಳವೋ ಹೃದಯವೋ ಹರಿದರೆ ಕೆಲವೇ ನಿಮಿಷ ಸಮಯ. ಆದ್ದರಿಂದ ಅದಕ್ಕೆಂದೇ ತಯಾರಾದ ತಜ್ಞರು ಬೇಕು, ಪಕ್ಕದಲ್ಲಿ ಎದೆ ತೆರೆಯುವ ಶಸ್ತ್ರಚಿಕಿತ್ಸಕರು ಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ಬೆಂಗಳೂರಿಗೇ ಕಳಿಸಬೇಕಿತ್ತು.

ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ಡಾ. ನಾಗರಾಜ್ ಗಾಯ ನೋಡಿ, “ಇದಕ್ಕ ಬೆಂಗಳೂರು ಯಾಕ್ರಿ ಮೇಡಂ? ತೆಗೆದು ತೊಳೆದು, ಸತ್ತ ಚರ್ಮ ಕತ್ತರಿಸಿ, ಪೆಟ್ಟಿಗೆ ಸ್ನಾಯುವಿನ ಕೆಳಗ ಇಟ್ಟು ಹೊಲಿಯೋಣ” ಎಂದರು. ಒಳ್ಳೆಯ ಮನುಷ್ಯ, ಕೈಯಲ್ಲಿ ಕಸುಬಿದೆ, ಆದರೆ ಅವರಿಗೆ ಎಲ್ಲ ಕಾಯಿಲೆಯೂ ಹೊಲಿದರೆ ಮುಗಿಯುತ್ತದೆ. ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಕಾರಣ ಹೇಳಲು ಈಗಲೂ ನಾಚಿಕೆ. ಎಲ್ಲವನ್ನೂ ತೆಗೆಯಬೇಕು ಎಂದು ಬರೆದುಕೊಟ್ಟರೆ ನಾನು ಮಾಡಿದ ಕೆಲಸ ಕೆಟ್ಟಿತು ಎಂದು ನಾನೇ ಸಹಿ ಹಾಕಿದ ಹಾಗೆ. ಇಪ್ಪತ್ತೇಳು ವರ್ಷದ ಹೆಸರು ಅಡ್ಡ ಬಂತು. ನಾವಿಬ್ಬರೂ ಸೇರಿ ತೊಳೆದೆವು, ಹೊಲಿದೆವು. ಲ್ಯಾಬಿಗೆ ಕಳಿಸಿದ ಮಾದರಿಯಲ್ಲಿ ಯಾವ ಸೂಕ್ಷ್ಮಾಣುವೂ ಬೆಳೆಯಲಿಲ್ಲ. ಬೆಳೆಯುವುದು ಹೇಗೆ? ಆತ ಆಗಲೇ ಐದು ದಿನ ಮಾತ್ರೆ ನುಂಗಿದ್ದ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಆ ವರದಿಯನ್ನು ಸರ್ಟಿಫಿಕೇಟಿನ ಹಾಗೆ ಕೇಸ್ ಶೀಟಿಗೆ ಪಿನ್ನು ಹೊಡೆದೆ.

ಬಿಡುಗಡೆಯ ದಿನ ಹುಲುಗಪ್ಪನಿಗೂ ಆತನ ಹೆಂಡತಿ ಗಂಗಮ್ಮನಿಗೂ, “ಬೆಂಗಳೂರಿನಲ್ಲಿ ಒಮ್ಮೆ ತೋರಿಸಿದರೆ ಒಳ್ಳೆಯದು” ಎಂದು ಹೇಳಿ ಒಂದು ಪತ್ರ ಕೊಟ್ಟೆ. ಗಂಗಮ್ಮ ನಾಟಿ ಕೆಲಸದವಳು, ಏಳನೆಯ ಇಯತ್ತೆ ಓದಿದ್ದಳು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ನನ್ನ ಲೆಕ್ಕದಲ್ಲಿ ನಾನು ಹೇಳಿಯಾಗಿತ್ತು.

ಆಗಸ್ಟ್‌ನಲ್ಲಿ ಮತ್ತೆ ಕಂಪ್ಲಿ. ಹುಲುಗಪ್ಪ ನಗುತ್ತಲೇ ಒಳಗೆ ಬಂದ. “ಡಾಕ್ಟ್ರಮ್ಮ, ಪೆಟಗಿ ಹೊರಗ ಇಣುಕಿ ನೋಡಾಕ ಹತ್ತೈತ್ರಿ” ಎಂದು ಹೆಗಲ ಟವೆಲ್ ಸರಿಸಿದ. ಹೊಲಿಗೆ ಬಾಯಿ ಬಿಟ್ಟು, ಕಡಲೆಕಾಳಿನಷ್ಟು ಜಾಗದಲ್ಲಿ ಲೋಹ ಹೊಳೆಯುತ್ತಿತ್ತು. ಸುತ್ತಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಜ್ವರವಿಲ್ಲ, ನೋವೂ ಹೆಚ್ಚಿಲ್ಲ. ಆತನಿಗೆ ನಗು. ನಾನು ದೀಪ ಹತ್ತಿರ ಎಳೆದುಕೊಂಡು ಮತ್ತೊಮ್ಮೆ ನೋಡಿದೆ.

“ಬೆಂಗಳೂರಿಗೆ ಹೋಗಿದ್ರಾ?”

“ಇಲ್ರಿ. ಗಾಯ ಒಣಗಿತ್ತಲ್ರಿ, ಮತ್ಯಾಕ ಅಂತ.”

ಮತ್ತೆ ಬೈಗುಳ. ಗಾಯಕ್ಕೆ ಪಟ್ಟಿ ಹಾಕಿ, ಬೆಂಗಳೂರಿಗೆ ವಿಚಾರಿಸಿ ತಿಳಿಸುತ್ತೇನೆ ಎಂದು ಮನೆಗೆ ಕಳಿಸಿದೆ. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ಹೇಳಿದ್ದನ್ನು ಕೇಳುವುದಿಲ್ಲ, ಕೊನೆಗೆ ನಮ್ಮ ಕೊರಳಿಗೆ ಬರುತ್ತಾರೆ ಎಂದು ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಲ್ಲಿನ ಸಿಬ್ಬಂದಿಯ ಮುಂದೆ ಹೇಳಿಕೊಂಡೆ. ಎಲ್ಲರೂ ಹೌದೌದು ಎಂದರು. ವೈದ್ಯರು ನಾಲ್ಕು ಜನ ಸೇರಿದ ಕಡೆ ಈ ಮಾತಿಗೆ ಯಾವತ್ತೂ ಬರವಿಲ್ಲ.

ಶನಿವಾರ ಬೆಳಿಗ್ಗೆ ಸಂಡೂರಿಗೆ ಹೋಗುವ ದಾರಿಯಲ್ಲಿ ಬೆಂಗಳೂರಿನ ಡಾ. ಸುರೇಶ್ ಅವರಿಗೆ ಫೋನು ಮಾಡಿದೆ. ಹಳೆಯ ಲೀಡು ತೆಗೆಯುವುದರಲ್ಲಿ ಪಳಗಿದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮುಂದೆ ಅದಿರಿನ ಲಾರಿಗಳ ಸಾಲು, ಗಾಜಿನ ಮೇಲೆ ಕೆಂಪು ಧೂಳು, ಎರಡು ಮಾತಿಗೊಮ್ಮೆ ಸಿಗ್ನಲ್ ಹೋಗುತ್ತಿತ್ತು. ನಾಲ್ಕನೆಯ ಸಲಕ್ಕೆ ಪೂರ್ತಿ ವಿಷಯ ಹೇಳಿ ಮುಗಿಸಿದೆ.

“ಮೊದಲು ಕೀವು ಕಂಡದ್ದು ಯಾವಾಗ ಮೇಡಂ?” ಎಂದರು.

“ಜೂನ್‌ನಲ್ಲಿ.”

“ಜೂನ್” ಎಂದು ಅವರು ಬರೆದುಕೊಂಡರು. ಆಮೇಲೆ, “ಹತ್ತು ದಿನಕ್ಕೆ ಬೆಡ್ ಸಿಗುತ್ತದೆ, ಅಷ್ಟರೊಳಗೆ ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ, ಸೀದಾ ಕಳಿಸಿ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ವಾರ್ಡಿನ ಸಿಸ್ಟರ್‌ಗೆ ಹೇಳಿ ಹುಲುಗಪ್ಪನ ಮನೆಗೆ ಫೋನು ಮಾಡಿಸಿದೆ. ‘ಹತ್ತು ದಿನ ಬಿಟ್ಟು ಬೆಂಗಳೂರಿಗೆ ಹೋಗಬೇಕಂತೆ’ ಎಂಬಷ್ಟು ಮಾತು ಅವರಿಗೆ ತಲುಪಿತು. ಯಾಕೆ ಹೋಗಬೇಕು ಎಂಬುದು ಸಿಸ್ಟರ್‌ಗೂ ಗೊತ್ತಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗಂಗಮ್ಮ ಆತನನ್ನು ಟಂಟಂ ಆಟೋದಲ್ಲಿ ಹೊಸಪೇಟೆಗೆ ಕರೆದುಕೊಂಡು ಬಂದಳು. ಹೊರಗೆ ಸುಡುವ ಬಿಸಿಲು, ಆತನ ಮೈಮೇಲೆ ಎರಡು ಕಂಬಳಿ, ಹಲ್ಲು ಕಟಕಟ ಕಡಿಯುತ್ತಿದ್ದ. ಜ್ವರ 103. ಸಿಸ್ಟರ್ ಇಂಜೆಕ್ಷನ್ ತುಂಬಿಕೊಂಡು ನಿಂತಿದ್ದಳು. “ಮೊದಲು ರಕ್ತ, ಆಮೇಲೆ ಔಷಧ” ಎಂದು ತಡೆದು, ರಕ್ತದಲ್ಲಿನ ಸೂಕ್ಷ್ಮಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ಮೂರು ಬೇರೆ ಬೇರೆ ಕಡೆಯಿಂದ ನಾನೇ ರಕ್ತ ತೆಗೆದೆ. ಜೂನ್‌ನಲ್ಲಿ ಕಳೆದುಕೊಂಡ ಸಾಕ್ಷಿಯನ್ನು ಈ ಸಲ ಬಿಡಬಾರದು ಎಂಬ ಹಟ. ನಂತರ ಹೃದಯವನ್ನು ಸ್ಕ್ಯಾನ್ ಮಾಡುವ ಎಕೋ ಯಂತ್ರದ ಪಕ್ಕ ಮಲಗಿಸಿ ನೋಡಿದೆ. ಹೃದಯದ ಬಲಭಾಗದಲ್ಲಿ, ಎರಡು ಕೋಣೆಗಳ ನಡುವಿನ ಕವಾಟದ ಮೂಲಕ ಹಾದುಹೋಗುವ ಲೀಡಿಗೆ ಒಂದು ಗಂಟು ಅಂಟಿಕೊಂಡಿತ್ತು. ಪ್ರತಿ ಬಡಿತಕ್ಕೂ ಅದು ಆಚೆ ಈಚೆ ಒಲೆದಾಡುತ್ತಿತ್ತು. ಅಳತೆ ಹನ್ನೊಂದು ಮಿಲಿಮೀಟರ್. ಸೂಕ್ಷ್ಮಾಣು ಮತ್ತು ಹೆಪ್ಪುಗಟ್ಟಿದ ರಕ್ತ ಸೇರಿ ಆಗುವ ಇಂಥ ಗಂಟಿಗೆ ವೆಜಿಟೇಶನ್ ಎನ್ನುತ್ತಾರೆ. ಸೋಂಕು ಹೃದಯ ತಲುಪಿತ್ತು.

ಇನ್ನು ಎರಡೇ ದಾರಿ. ಲೀಡುಗಳನ್ನು ತೆಗೆಯುವುದು, ಅದರಲ್ಲಿ ಪ್ರಾಣಕ್ಕೆ ಅಪಾಯವಿದೆ. ತೆಗೆಯದೆ ಬಿಡುವುದು, ಅದರಲ್ಲಿ ಪ್ರಾಣ ಉಳಿಯುವ ಭರವಸೆಯೇ ಇಲ್ಲ. ಸುರೇಶ್ ಅವರಿಗೆ ತಿಳಿಸಿದೆ, ಅವರು “ಈಗಲೇ ಹೊರಡಿಸಿ” ಎಂದರು. ಎಕೋ ಕೋಣೆಯ ಹೊರಗಿನ ಬೆಂಚಿನ ಮೇಲೆ ಗಂಗಮ್ಮ ಕೂತಿದ್ದಳು. ಕಂಬಳಿ ಹೊದ್ದ ಹುಲುಗಪ್ಪನನ್ನು ಗಾಲಿಕುರ್ಚಿಯಲ್ಲಿ ತಂದು ಆಕೆಯ ಪಕ್ಕಕ್ಕೆ ನಿಲ್ಲಿಸಿದರು. ಅವರು ಒಪ್ಪುವುದಿಲ್ಲ, ಹಿರಿಯರನ್ನು ಕೇಳಿ ಬರುತ್ತೇವೆ ಎನ್ನುತ್ತಾರೆ, ಇನ್ನೆರಡು ದಿನ ಮಾತ್ರೆಯಲ್ಲೇ ನೋಡಿ ಎನ್ನುತ್ತಾರೆ ಎಂದು ನಾನೇ ಊಹಿಸಿಕೊಂಡು ಮೊದಲೇ ಕುದಿಯುತ್ತಿದ್ದೆ. ತಂತಿ ಯಾಕೆ ತೆಗೆಯಬೇಕು, ತೆಗೆಯುವಾಗ ಏನಾಗಬಹುದು, ತೆಗೆಯದಿದ್ದರೆ ಏನಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿ, ಕೊನೆಗೆ ದನಿ ಏರಿಸಿ, “ಇದನ್ನ ಜೂನ್‌ನಲ್ಲೇ ಹೇಳಿದ್ದೆ. ನೀವು ಕೇಳಲಿಲ್ಲ” ಎಂದೆ.

ಗಂಗಮ್ಮ ಸಿಟ್ಟು ಮಾಡಲಿಲ್ಲ. ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. “ಇದರಾಗ ಎಲ್ಲಿ ಬರ್ದೀರಿ ಡಾಕ್ಟ್ರಮ್ಮ, ತಂತಿ ತೆಗೀಬೇಕಂತ? ನನಗ ಇಂಗ್ಲಿಷ್ ಬರಂಗಿಲ್ಲ. ನೀವ ಓದಿ ಹೇಳ್ರಿ.”

ನನ್ನದೇ ಅಕ್ಷರ. ರೋಗಿಯ ಹೆಸರು, ವಯಸ್ಸು, ಪೇಸ್‌ಮೇಕರ್ ವಿವರ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎಂಬ ಸಾಲು. ಕೊನೆಗೆ, ‘ಕೈಂಡ್ಲಿ ಎವಾಲ್ಯುಯೇಟ್ ಅಂಡ್ ಡೂ ದ ನೀಡ್‌ಫುಲ್’. ಪರೀಕ್ಷಿಸಿ ಅಗತ್ಯವಾದದ್ದನ್ನು ಮಾಡಿ. ಇಪ್ಪತ್ತೇಳು ವರ್ಷದಲ್ಲಿ ಸಾವಿರ ಪತ್ರಗಳ ಕೊನೆಗೆ ನಾನು ಬರೆದ ಸಾಲು ಅದು. ಅಗತ್ಯವಾದದ್ದು ಏನು ಎಂದು ಗೊತ್ತಿದ್ದವಳು ನಾನು. ಗೊತ್ತಿಲ್ಲದವರ ಕೈಯಲ್ಲಿ ಆ ಕಾಗದ ಕೊಟ್ಟು ಕೈ ತೊಳೆದುಕೊಂಡಿದ್ದೆ.

“ಇಲ್ಲ ಗಂಗಮ್ಮ, ಬರೆದಿಲ್ಲ” ಎಂದೆ.

“ಬಾಯಿಲೇನೂ ಹೇಳಲಿಲ್ರಿ ನೀವು. ತೋರಿಸಿದ್ರ ಚಲೋ ಅಂದ್ರಿ. ಚಲೋ ಅಂದ್ರ ನಾವು ಏನ್ ತಿಳ್ಕೋಬೇಕ್ರಿ? ನಾಟಿ ಮುಗದ ಮ್ಯಾಲೆ ಹೋಗೋಣಂತ ಬಿಟ್ವಿ. ತಂತಿ ತೆಗೀಲಿಲ್ಲಂದ್ರ ಜೀವಕ್ಕ ಅಪಾಯ ಐತಿ ಅಂದಿದ್ರ ಅವತ್ತ ಹೋಗ್ತಿದ್ವಿ. ನಮಗೇನ್ ಜೀವ ಬ್ಯಾಡಾಗಿತ್ತೇನ್ರಿ?”

ಹುಲುಗಪ್ಪ ಕಂಬಳಿಯೊಳಗಿಂದ, “ಲೇ, ಸುಮ್ಕಿರಲೇ, ಡಾಕ್ಟ್ರಮ್ಮಗ ಹಂಗ ಅಂತಾರೇನು” ಎಂದ. ನಾನು ಆ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಗಂಗಮ್ಮನ ಕೈಗಿಟ್ಟೆ. ಒಪ್ಪಿಗೆ ಪತ್ರ ತಂದುಕೊಟ್ಟಾಗ ಗಂಗಮ್ಮ ಯಾರನ್ನೂ ಕೇಳಲು ಹೋಗಲಿಲ್ಲ. ಕನ್ನಡದಲ್ಲಿದ್ದ ಭಾಗವನ್ನು ಬೆರಳಿಟ್ಟು ಓದಿ, ಎರಡು ನಿಮಿಷದಲ್ಲಿ ಸಹಿ ಹಾಕಿದಳು. ಹನ್ನೆರಡೂವರೆಗೆ ಆಂಬುಲೆನ್ಸ್ ಹೊರಟಿತು.

ಮರುದಿನ ಲ್ಯಾಬಿನವರು ಫೋನು ಮಾಡಿದರು. ಮೂರೂ ಬಾಟಲಿಯಲ್ಲಿ ಸ್ಟೆಫಿಲೊಕಾಕಸ್ ಬೆಳೆದಿತ್ತು, ಪೇಸ್‌ಮೇಕರ್ ಸೋಂಕಿನಲ್ಲಿ ನಾವು ಅತಿ ಹೆಚ್ಚು ಹೆದರುವ ಬಗೆಯದ್ದು. ವಿಷಯವನ್ನು ಬೆಂಗಳೂರಿಗೆ ತಿಳಿಸಿ, ಎರಡು ದಿನ ರಜೆ ಹಾಕಿ ನಾನೂ ಹೋದೆ. ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಹೃದಯಕ್ಕೆ ತಂತಿ ಇಳಿಸುವ ಕೋಣೆಯಾದ ಕ್ಯಾತ್ ಲ್ಯಾಬಿನ ಗಾಜಿನ ಹಿಂದೆ ನಿಂತೆ. ಮೊದಲು ಕೊರಳಿನ ರಕ್ತನಾಳದಿಂದ ಒಂದು ತಾತ್ಕಾಲಿಕ ತಂತಿ ಇಳಿಸಿ, ಹೊರಗಿನ ಯಂತ್ರದಿಂದ ಹೃದಯ ಬಡಿಯುವಂತೆ ಮಾಡಿದರು. ನಂತರ ಪೆಟ್ಟಿಗೆ ತೆಗೆದರು. ಆಮೇಲೆ ಲೀಡಿನ ಮೇಲೆ ಕೊಳವೆಯಂಥ ಸಾಧನ ಏರಿಸಿ, ಅಂಟಿದ ನಾರನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಒಳಗೆ ಹೋದರು. ಮೇಲಿನ ಕೋಣೆಯ ಲೀಡು ಇಪ್ಪತ್ತು ನಿಮಿಷದಲ್ಲಿ ಬಂತು. ಕೆಳಗಿನದು ಬರಲಿಲ್ಲ.

ಅದು ಎರಡು ಕಡೆ ಹಿಡಿದಿತ್ತು, ಕೊರಳೆಲುಬಿನ ಕೆಳಗಿನ ರಕ್ತನಾಳದಲ್ಲಿ ಮತ್ತು ಕವಾಟದಲ್ಲಿ. ಒಂದೂವರೆ ಗಂಟೆ ಸುರೇಶ್ ಅದರ ಜೊತೆ ಗುದ್ದಾಡಿದರು. ಎದೆ ತೆರೆಯುವ ಶಸ್ತ್ರಚಿಕಿತ್ಸಕರು ಕೈತೊಳೆದು, ಗ್ಲೌಸು ಹಾಕಿಕೊಂಡು, ಗೋಡೆಗೆ ಒರಗಿ ನಿಂತೇ ಇದ್ದರು. ಒಮ್ಮೆ ರಕ್ತದೊತ್ತಡ ಅರವತ್ತಕ್ಕೆ ಇಳಿಯಿತು. ಅವರು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಹೃದಯ ಹರಿಯಿತು ಎಂದೇ ನಾನು ಅಂದುಕೊಂಡೆ. ಹರಿದಿರಲಿಲ್ಲ, ಎಳೆಯುವುದನ್ನು ನಿಲ್ಲಿಸಿದೊಡನೆ ಒತ್ತಡ ನಿಧಾನಕ್ಕೆ ಮೇಲೆ ಬಂತು. ಹೊರಗೆ ಗಂಗಮ್ಮ ಕೂತಿದ್ದಳು. ಆಕೆಗೆ ಹೇಳಲು ಏನು ಮಾತು ಹುಡುಕಲಿ ಎಂಬುದೊಂದೇ ನನ್ನ ತಲೆಯಲ್ಲಿ. ಕೊನೆಗೆ ಲೀಡು ಬಂತು, ತುದಿಗೆ ಮಾಂಸದ ಎಳೆ ಅಂಟಿಸಿಕೊಂಡು.

ಸುರೇಶ್ ಹೊರಗೆ ಬಂದು ಟೋಪಿ ತೆಗೆದರು. “ಪ್ರಾಣಕ್ಕೆ ಅಪಾಯವಿಲ್ಲ ಮೇಡಂ. ಆದರೆ ಕವಾಟ ಕೆಟ್ಟಿದೆ, ಜೋರಾಗಿ ಸೋರುತ್ತಿದೆ.”

“ಎಳೆದದ್ದರಿಂದಲೋ, ಸೋಂಕಿನಿಂದಲೋ?”

“ಎರಡೂ ಇರಬಹುದು. ಜೂನ್‌ನಲ್ಲಿ ಕವಾಟದ ಮೇಲೆ ಸೋಂಕು ಇದ್ದಿರಲಾರದು” ಎಂದರು.

ಆರು ವಾರ ರಕ್ತನಾಳಕ್ಕೆ ಔಷಧ ನಡೆಯಿತು. ರಕ್ತದಲ್ಲಿ ಸೋಂಕು ಇಲ್ಲವೆಂದು ಮತ್ತೆ ಮತ್ತೆ ಖಚಿತವಾದ ಮೇಲೆ ಬಲಗಡೆಗೆ ಹೊಸ ಪೇಸ್‌ಮೇಕರ್ ಹಾಕಿದರು. ಎಡ ಹೆಗಲು ಖಾಲಿಯಾಯಿತು. ಆದರೆ ಸೋರುವ ಕವಾಟ ಇಟ್ಟುಕೊಂಡು ಮೂವತ್ತು ಕಿಲೋ ಹೊತ್ತು ಅರ್ಧ ಮೈಲಿ ನಡೆಯುವ ಹಾಗಿಲ್ಲ. ಕಾಲು ಬಾತುಕೊಳ್ಳುತ್ತಿತ್ತು, ನೀರಿಳಿಸುವ ಮಾತ್ರೆ ಖಾಯಂ ಆಯಿತು.

ಮರುವರ್ಷ ಜನವರಿಯಲ್ಲಿ ಇಬ್ಬರೂ ಕಂಪ್ಲಿಗೆ ಬಂದರು. ಹುಲುಗಪ್ಪ ಸಣ್ಣಗಾಗಿದ್ದ. ಈಗ ಏನು ಕೆಲಸ ಎಂದು ಕೇಳಿದೆ.

“ಲಾರಿ ಹಂತ್ಯಾಕ ಹೆಣ್ಮಕ್ಕಳ ಜೋಡಿ ಕುಂತು ಗೊನಿಗೆ ಒಣ ಎಲಿ ಸುತ್ತತೀನ್ರಿ. ಗೊನಿ ನಮ್ಮ ಹುಡುಗರು ತರ್ತಾರ. ಭಾಳ ತಾಗಿಸ್ತಾರ್ರಿ” ಎಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಹವಾಮಾನ ವಿಚಾರಿಸಿದಷ್ಟು ಸಲೀಸಾಗಿ ಕೇಳಿದ: “ಡಾಕ್ಟ್ರಮ್ಮ, ಜೂನ್‌ದಾಗ ತಂತಿ ತೆಗೆಸಿದ್ರ ನಾ ಮತ್ತ ಗೊನಿ ಹೊರ್ತಿದ್ನೇನ್ರಿ?”

ಇಂಥ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪ ಇಡುವ ಉತ್ತರಗಳು ನಮ್ಮ ಬತ್ತಳಿಕೆಯಲ್ಲಿ ಎಷ್ಟು ಬೇಕಾದರೂ ಇವೆ. ಹಾಗೆಲ್ಲ ಹೇಳಲು ಬರುವುದಿಲ್ಲ, ಎಲ್ಲ ದೇಹವೂ ಒಂದೇ ಥರ ಅಲ್ಲ, ಬದುಕಿದ್ದೀಯಲ್ಲ ಅದೇ ದೊಡ್ಡದು. ಮೂರೂ ನಾಲಿಗೆಯ ತುದಿಗೆ ಬಂದವು. ಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಹುಶಃ ಹೊರುತ್ತಿದ್ದೆ ಹುಲುಗಪ್ಪ. ಜೂನ್‌ನಲ್ಲೇ ತೆಗೆಸಬೇಕಿತ್ತು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ನನ್ನ ತಪ್ಪು” ಎಂದೆ.

ಆತ ಕೊನೆಯ ಗುಂಡಿ ಹಾಕಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಆತು ಬಿಡ್ರಿ. ಮುಂದ ಬರೋರಿಗೆ ಮದ್ಲ ಹೇಳಿಬಿಡ್ರಿ” ಎಂದು ಎದ್ದ. ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಗಿಲ ತನಕ ಹೋಗುವಷ್ಟರಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡ.

ನಿವೃತ್ತಿಗೆ ಮುನ್ನ ಇಂಥ ಸೋಂಕಿನ ಮೂವರು ರೋಗಿಗಳು ನನ್ನ ಬಳಿಗೆ ಬಂದರು. ಕೀವು ಕಂಡ ದಿನವೇ ಮೂವರಿಗೂ ಕುರ್ಚಿ ಎಳೆದು ಕೂರಿಸಿ ಹೇಳಿದೆ: ಪೆಟ್ಟಿಗೆಯನ್ನೂ ತಂತಿಯನ್ನೂ ತೆಗೆಯಬೇಕು, ತೆಗೆಯುವುದರಲ್ಲಿ ಅಪಾಯವಿದೆ, ತೆಗೆಯದಿದ್ದರೆ ಹೆಚ್ಚಿನ ಅಪಾಯವಿದೆ, ಇದನ್ನು ಹಾಕಿದ್ದು ನಾನೇ, ಕೆಟ್ಟಿರುವುದೂ ನಿಜ. ಪತ್ರದಲ್ಲೂ ಅದನ್ನೇ ಬರೆದು, ಕೆಳಗೆ ಕನ್ನಡದಲ್ಲಿ ಮತ್ತೊಮ್ಮೆ ಬರೆದೆ. ಇಬ್ಬರು ಅದೇ ವಾರ ಹೋಗಿ ತೆಗೆಸಿಕೊಂಡು ಬಂದರು. ಮರಿಯಮ್ಮನಹಳ್ಳಿಯ ಮೂರನೆಯವರು ಮಾತ್ರ ಸಿಟ್ಟಾದರು. ‘ಹಾಕಾಕ ಬರ್ತೈತಿ, ಸರಿ ಮಾಡಾಕ ಬರಂಗಿಲ್ಲೇನು’ ಎಂದು ನಾಲ್ಕು ಜನ ಕೇಳುವ ಹಾಗೆ ಕೂಗಾಡಿ, ಬೇರೆ ವೈದ್ಯರನ್ನು ನೋಡುತ್ತೇನೆ ಎಂದು ಎದ್ದು ನಡೆದರು. ನನ್ನ ಹೆಸರು ಹಾಳಾಯಿತು, ಆಗಲಿ. ಪತ್ರ ಅವರ ಕೈಯಲ್ಲಿತ್ತು, ಮತ್ತು ಅದರಲ್ಲಿ ತಂತಿ ತೆಗೆಯಬೇಕು ಎಂದು ಬರೆದಿತ್ತು.